ಒಂದು ಬಟ್ಟಲು ಅಂಬಲಿ

ಜಮಖಂಡಿ
೩ ಡಿಸೆಂಬರ್ ೧೯೫೨

ಚಿ. ಕುಮುದಿನಿಗೆ ಆಶೀರ್ವಾದ.

ಬೇಸಗೆಯಿಂದ ನಿಂತುಹೋಗಿದ್ದ ಪತ್ರವ್ಯವಹಾರವನ್ನು ಅಪ್ಪನೇ ಮೊದಲು ಶುರುಮಾಡಿದ ಎಂದು ಬೀಗಬೇಡ. ಇದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯೆಗೆ ಬರೆಯುವ ಪತ್ರ. ಮನೆಯ ಮಾತು ಕೊನೆಗೆ ಒಂದಿದೆ.

ಬನಹಟ್ಟಿಯ ನೇಕಾರ ರಾಮಲಿಂಗಪ್ಪ ತನ್ನ ಹೆಂಡತಿ ಸಾವಕ್ಕನನ್ನು ಮಿರಜಕ್ಕೆ ಕರೆತರುತ್ತಿದ್ದಾನೆ. ಬೇಡವೆಂದು ನಾನು ಹೇಳಿದ್ದೆ, ಕೇಳಲಿಲ್ಲ. ನೂಲು ತರಲು ಹೇಗೂ ಆ ಕಡೆ ಬರುವವನು, ಹೊಳೆ ದಾಟಿ ಕುಡಚಿಯಲ್ಲಿ ರೈಲುಗಾಡಿ ಹತ್ತಿಸುತ್ತಾನಂತೆ. ಅವಳು ನಿನ್ನ ವಾರ್ಡಿಗೇ ಬರಬಹುದು. ನಿನ್ನ ವೇಳೆ ಹಾಳಾಗದಿರಲೆಂದು ಪ್ರಕರಣವನ್ನು ತಿಳಿಸುತ್ತೇನೆ.

ಅವಳ ದೂರು ಒಂದೇ: ರೊಟ್ಟಿ ನುಂಗಿದರೆ ಎದೆಯಲ್ಲಿ ನಿಲ್ಲುತ್ತದೆ. ನನ್ನ ದವಾಖಾನೆಯ ಕುರ್ಚಿಯಲ್ಲಿ ಕೂಡಿಸಿದೆ. ಗಂಟಲ ಮೇಲೆ ಎರಡು ಬೆರಳಿಟ್ಟು ಒಂದು ಲೋಟ ನೀರು ಕುಡಿಸಿದೆ, ಆಮೇಲೆ ಸಜ್ಜಕದ ಒಂದು ತುತ್ತು ಕೊಟ್ಟೆ. ಗಂಟಲಗಂಟು ಏರಬೇಕಾದಾಗ ಏರಿತು, ಇಳಿಯಬೇಕಾದಾಗ ಇಳಿಯಿತು. ಕೆಮ್ಮಲಿಲ್ಲ, ಮೂಗಿನಿಂದ ಬರಲಿಲ್ಲ. ಗಂಟಲು ನೆಟ್ಟಗಿದೆ. ಮಕ್ಕಳಿಲ್ಲದ ಹೆಂಗಸು, ಅತ್ತೆಯೊಂದಿಗೆ ಆಗಿಬರುವುದಿಲ್ಲ. ರೋಗ ಎಲ್ಲಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಅತ್ತೆ ಮುದಕವ್ವ ಕೂಡ ಬಂದಿದ್ದಳು. ಅವಳ ಬಾಯಿ ನಿನಗೆ ಸೇರುತ್ತಿತ್ತು. "ಸಂಸ್ಥಾನ ಹೋತು ಅಂತಾರಲ್ರಿ ಡಾಕ್ಟರ, ಸುಳ್ಳ. ರಾಣಿ ನಮ್ಮ ಮನ್ಯಾಗ ಉಳದಾಳ. ರೊಟ್ಟಿ ಕೊಟ್ರ ನೀರು ಬೇಡತಾಳ, ನೀರು ಕೊಟ್ರ ಕುಂಡ್ರಾಕ ಮಣಿ ಬೇಡತಾಳ" ಎಂದಳು. ಸೊಸೆ ನಗಲಿಲ್ಲ. ಅವಳ ಮುಖವೇ ಹಾಗೆ, ಇಸ್ತ್ರಿ ಮಾಡಿಟ್ಟಂತೆ. ನಾನು ಮುದಕವ್ವನಿಗೆ, "ಉಣಸ್ರಿ. ಒಲ್ಲೆ ಅಂದ್ರ ಬಿಡಬ್ಯಾಡ್ರಿ" ಎಂದು ಹೇಳಿ ಕಳಿಸಿದೆ.

ಇನ್ನು ಮನೆಯ ಮಾತು. ಮುಧೋಳದ ಮಾಮಲೇದಾರ ಕಚೇರಿಯ ಅವಲ್ ಕಾರಕೂನರ ಮಗ ಸಾತಾರೆಯಲ್ಲಿ ವಕೀಲ. ಸಂಕ್ರಾಂತಿಗೆ ಅವರು ನಮ್ಮಲ್ಲಿ ಬರುತ್ತಾರೆ. ನೀನೂ ಬಂದರೆ ಅವರಿಗೆ ನೋಡಲು ಏನಾದರೂ ಇರುತ್ತದೆ.

ನಿನ್ನ ತಂದೆ,
ಪ್ರಹ್ಲಾದರಾವ


ಮಿರಜ
೧೯ ಡಿಸೆಂಬರ್ ೧೯೫೨

ತೀರ್ಥರೂಪ ಅಪ್ಪಾ ಅವರಿಗೆ ನಮಸ್ಕಾರ.

ಸಾವಕ್ಕ ನನ್ನ ವಾರ್ಡಿನಲ್ಲೇ ಇದ್ದಾಳೆ. ನೀವು ಇಸ್ತ್ರಿ ಮಾಡಿಟ್ಟಂತೆ ಎಂದು ಬರೆದ ಮುಖದ ಚರ್ಮವನ್ನು ನಾನು ಚಿವುಟಿ ಎತ್ತಲು ನೋಡಿದೆ, ಮೇಲೆ ಬರಲಿಲ್ಲ. ಬೆರಳುಗಳ ಚರ್ಮವೂ ಹಾಗೆಯೇ ಎಲುಬಿಗೆ ಅಂಟಿಕೊಂಡಿದೆ. ತಣ್ಣೀರಿನಲ್ಲಿ ಕೈ ಇಟ್ಟರೆ ಬೆರಳು ಸುಣ್ಣದಂತೆ ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತವೆ. ಮುಂಜಾನೆ ನೂಲಿಗೆ ಗಂಜಿ ಹಚ್ಚುವಾಗ ನಾಲ್ಕು ವರ್ಷದಿಂದ ಹೀಗೆ ಆಗುತ್ತಿದೆಯಂತೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಇದು ಚರ್ಮ ಕಲ್ಲಾಗುತ್ತ ಹೋಗುವ ಬೇನೆ. ಬಹಳ ಅಪರೂಪ. ನಮ್ಮ ಮುಖ್ಯ ವೈದ್ಯರು ತಮ್ಮ ಇಡೀ ಸೇವೆಯಲ್ಲಿ ಇಂಥ ಮೂವರನ್ನು ಕಂಡಿದ್ದಾರೆ. ಇದು ಬರೀ ಚರ್ಮದ ಬೇನೆಯಲ್ಲ, ಒಳಗಿನ ಅಂಗಗಳನ್ನೂ ಹಿಡಿಯುತ್ತದೆ ಎಂದು ಈಗ ತಿಳಿದಿದೆ. ಮದ್ದಿಲ್ಲ.

ನೀವು ಗಂಟಲು ನೋಡಿದಿರಿ. ಗಂಟಲು ಚೆನ್ನಾಗಿಯೇ ಇದೆ. ಕೆಟ್ಟಿರುವುದು ಅದರ ಕೆಳಗಿನ ಅನ್ನನಾಳ. ಎಕ್ಸ್-ರೇ ಪರದೆಯ ಹಿಂದೆ ನಿಲ್ಲಿಸಿ ಬೇರಿಯಂ ಎಂಬ ಬಿಳಿ ದ್ರವ ಕುಡಿಸಿದೆವು. ಪರದೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ನಿಂತಾಗ ತನ್ನ ಭಾರಕ್ಕೆ ತಾನೇ ಸರ್ರನೆ ಹೊಟ್ಟೆಗೆ ಇಳಿಯಿತು. ನಿಮ್ಮ ಕುರ್ಚಿಯಲ್ಲಿ ನೀರು ಇಳಿದದ್ದೂ ಹಾಗೆಯೇ. ಆಮೇಲೆ ಮೇಜನ್ನು ಅಡ್ಡ ಮಾಡಿ ಮಲಗಿಸಿ ಕುಡಿಸಿದೆವು. ಎದೆಯ ನಡುವೆ ಬಂದು ನಿಂತುಬಿಟ್ಟಿತು. ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ಅನ್ನವನ್ನು ಹಿಂಡಿ ತಳ್ಳಬೇಕಾದ ನಾಳ ಸುಮ್ಮನೆ ಬಿದ್ದಿತ್ತು.

ಸಾವಕ್ಕ ಮಾತುಗಾರ್ತಿ. ಲೋಟ ನೋಡಿ, "ಇದೇನ್ರಿ ಡಾಕ್ಟರ ಬಾಯಾರ, ಹಾಲ ಅಂತ ಹೇಳಿ ಸುಣ್ಣಾ ಕುಡಸ್ತೀರಿ. ನಮ್ಮತ್ತಿ ನೋಡಿದ್ರ ಕಸಗೊಂಡು ಗ್ವಾಡಿಗೆ ಹಚ್ಚತಿದ್ದಳು" ಎಂದಳು. ಮಲಗಿಸಿದಾಗ ಮಾತ್ರ ಹೆದರಿದಳು. ಒಂದೊಂದೇ ಗುಟುಕು ಕೊಟ್ಟೆವು. ಹಿಂದೆ ಬಂದದ್ದು ಉಸಿರಿನ ನಾಳಕ್ಕೆ ಹೋಗದಂತೆ ನರ್ಸ್ ತಲೆಯ ಬಳಿ ಹೀರುವ ಕೊಳವೆ ಹಿಡಿದು ನಿಂತಿದ್ದಳು.

ಅವಳು ಬದುಕುವುದು ಒಂದೇ ಒಂದು ಸಂಗತಿಯ ಮೇಲೆ ನಿಂತಿದೆ. ನೆಟ್ಟಗೆ ಕೂತು, ತೆಳ್ಳಗಿನದನ್ನು ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕು. ಉಂಡ ಮೇಲೆ ಮಲಗಬಾರದು. ಆದರೆ ಊರಲ್ಲಿ ಮುದಕವ್ವ ನಿಮ್ಮ ಮಾತಿನಂತೆ ಬಿಡದೆ ಉಣಿಸುತ್ತಿದ್ದಳಂತೆ. ಹೇಗೆ ಗೊತ್ತೆ? ಕೂಸಿಗೆ ಹಾಲು ಹಾಕುವಂತೆ. ಕಾಲು ನೀಡಿ ಕೂತು, ಸೊಸೆಯನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು, ಮೂತಿ ಇರುವ ಹಿತ್ತಾಳೆ ಬಟ್ಟಲಿನಿಂದ ಜೋಳದ ಅಂಬಲಿ ಸುರಿಯುತ್ತಿದ್ದಳಂತೆ. ತಿರುಗಿ ಹೋದರೆ ಮತ್ತೆ ಅದೇ. ನಾನು ರಾಮಲಿಂಗಪ್ಪನಿಗೆ ತಿಳಿಸಿ ಹೇಳಿದೆ. "ನೀವು ಹೇಳಿದ್ರ ಅವ್ವ ಕೇಳೂದಿಲ್ರಿ. ಜಮಖಂಡಿ ಡಾಕ್ಟರ ಬಾಯಿಂದ ಬರಬೇಕ" ಎಂದ.

ಆದ್ದರಿಂದ ನೀವು ಬನಹಟ್ಟಿಗೆ ಹೋಗಿ ಮುದಕವ್ವನಿಗೆ ಹೇಳಬೇಕು. ಬೇರೇನೂ ಕೇಳುವುದಿಲ್ಲ.

ಕುಮುದಿನಿ


ಜಮಖಂಡಿ
೬ ಜನವರಿ ೧೯೫೩

ಚಿ. ಕುಮುದಿನಿಗೆ ಆಶೀರ್ವಾದ.

ನಿನ್ನ ಪತ್ರದ ಮೊದಲ ಪುಟ ಓದಿದೆ, ಕೊನೆಯ ಸಾಲುಗಳನ್ನೂ ನೋಡಿದೆ. ನಡುವಿನದನ್ನು ಪುರಸೊತ್ತಾದಾಗ ಓದುತ್ತೇನೆ. "ನೀವು ಗಂಟಲು ನೋಡಿದಿರಿ" ಎಂಬಲ್ಲಿಗೆ ಬಂದಾಗ ಚಹಾ ಆರಿಹೋಗಿತ್ತು.

ನೀನು ಅಂಬೆಗಾಲಿಡುವಾಗ ನಾನು ಸಂಸ್ಥಾನದ ದವಾಖಾನೆಯಲ್ಲಿ ಪ್ಲೇಗಿನ ಗಡ್ಡೆ ಕೊಯ್ಯುತ್ತಿದ್ದೆ. ಆಗ ಪರದೆ ಇರಲಿಲ್ಲ, ಅಡ್ಡ ಆಗುವ ಮೇಜೂ ಇರಲಿಲ್ಲ. ಜನ ಉಣ್ಣುವುದು ಕೂತುಕೊಂಡು. ಆದ್ದರಿಂದ ಕೂಡಿಸಿ ಪರೀಕ್ಷಿಸಿದೆ. ಮಲಗಿಸಿ ಉಣಿಸಿ, ಇಳಿಯಲಿಲ್ಲ ಎಂದು ಆಶ್ಚರ್ಯಪಡುವುದು ಯಾವ ವಿದ್ಯೆ? ನಾಳೆ ತಲೆಕೆಳಗಾಗಿ ನಿಲ್ಲಿಸಿ ಕುಡಿಸುವಿರಿ.

ಈಗ ನಾನು ಬನಹಟ್ಟಿಗೆ ಹೋಗಿ, ಒಬ್ಬ ನೇಕಾರ ಮುದುಕಿಯ ಕಟ್ಟೆಯ ಮೇಲೆ ನಿಂತು, "ನಂದ ತಪ್ಪಾತವ್ವ, ನನ್ನ ಮಗಳು ಹೇಳ್ಯಾಳ" ಎನ್ನಬೇಕು. ಮುಂದಿನ ಸೋಮವಾರ ಪೇಟೆಯಲ್ಲಿ ಅದೇ ಸುದ್ದಿ. ಆಗಲಿ, ಹೋಗುತ್ತೇನೆ. ಆದರೆ ನೀನು ಸಂಕ್ರಾಂತಿಗೆ ಬಾ. ಸೀರೆ ಉಟ್ಟು, ಎಳ್ಳುಬೆಲ್ಲದ ತಾಟು ಹಿಡಿದು ವಕೀಲರ ಮುಂದೆ ಒಂದು ಗಳಿಗೆ ಕೂತರೆ, ಮರುದಿನ ನಾನು ಬನಹಟ್ಟಿಯಲ್ಲಿರುತ್ತೇನೆ. ರೋಗಿಯ ಜೀವ ಅಷ್ಟು ದೊಡ್ಡದಾದರೆ ನಿನಗೆ ಇದು ಭಾರವಾಗಬಾರದು.

ನಿನ್ನ ತಂದೆ,
ಪ್ರಹ್ಲಾದರಾವ


ಮಿರಜ
೨೧ ಜನವರಿ ೧೯೫೩

ಅಪ್ಪಾ ಅವರಿಗೆ,

ಸಂಕ್ರಾಂತಿಗೆ ನಾನು ಬರಲಿಲ್ಲ. ಕಾರಣ ನಿಮಗೆ ಗೊತ್ತು. ಹೆಂಗಸೊಬ್ಬಳ ಕೊರಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಸಾತಾರೆಯ ವಕೀಲನನ್ನು ಕೂಡಿಸುವ ವ್ಯಾಪಾರ ನನ್ನಿಂದಾಗುವುದಿಲ್ಲ.

ಸಾವಕ್ಕ ಹತ್ತನೆಯ ತಾರೀಖಿಗೆ ಊರಿಗೆ ಹೋದಳು. ಮಗ್ಗ ನಿಂತಿದೆ, ಲಾಳಿಗೆ ನೂಲಿನ ಕಂಡಿಕೆ ಸುತ್ತುವವರಿಲ್ಲ ಎಂದು ಗಂಡ ಕರೆದೊಯ್ದ. ಇಲ್ಲಿ ಕೂತು ಉಂಡು ಎರಡು ಪೌಂಡು ಏರಿದ್ದಳು. ಹೋಗುವಾಗ, "ಬಾಯಾರ, ನಿಮ್ಮ ಮಾತು ತಪ್ಪೂದಿಲ್ರಿ. ನೀವು ಏನ ಬರದ ಕಳಸ್ತೀರಿ, ಅದ ನನಗ ಶಾಸ್ತ್ರ" ಎಂದಳು. ಆ ಮನೆಯಲ್ಲಿ ನನ್ನ ಮಾತು ನಡೆಯುವುದು ಅವಳೊಬ್ಬಳ ಹತ್ತಿರ. ನಡೆಯಬೇಕಾದದ್ದು ಮುದಕವ್ವನ ಹತ್ತಿರ.

ಅಪ್ಪಾ, ನೀವು ಹೋಗುವುದಾದರೆ ಹೋಗಿ, ಬಿಡುವುದಾದರೆ ಬಿಡಿ. ನನಗೆ ಮಾತ್ರ ಒಂದು ಸಾಲು ಬರೆದು ಕಳಿಸಿ: "ನಾನು ತಪ್ಪಿದ್ದೆ." ಇಷ್ಟು ವರ್ಷ ನಮ್ಮ ಮನೆಯಲ್ಲಿ ಆ ಸಾಲನ್ನು ಅವ್ವ ಹೇಳಿದಳು, ನಾನು ಹೇಳಿದೆ, ಅಡಿಗೆಯವಳು ಹೇಳಿದಳು. ನೀವು ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಮಾತು ಸುಳ್ಳು ಅನಿಸಿದರೆ ನೀವೇ ಬನಹಟ್ಟಿಗೆ ಹೋಗಿ ಸಾವಕ್ಕನನ್ನು ಅಂಗಾತ ಮಲಗಿಸಿ ಒಂದು ಬಟ್ಟಲು ಅಂಬಲಿ ಕುಡಿಸಿ ನೋಡಿ. ಪರದೆ ಬೇಕಾಗುವುದಿಲ್ಲ. ನಿಮ್ಮ ಎರಡು ಬೆರಳೇ ಸಾಕು.

ಕುಮುದಿನಿ


ಬನಹಟ್ಟಿ
೧೭ ಫೆಬ್ರುವರಿ ೧೯೫೩

ಡಾಕ್ಟರ್ ಕುಮುದಿನಿಬಾಯಿಯವರ ಸನ್ನಿಧಿಗೆ ಬನಹಟ್ಟಿಯ ರಾಮಲಿಂಗಪ್ಪನ ಶರಣು.

ನಾನು ನಾಲ್ಕನೆಯ ಇಯತ್ತೆವರೆಗೆ ಕಲಿತವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ಹೆಂಡತಿ ಊರಿಗೆ ಬಂದ ಮೊದಲ ವಾರ ತಾವು ಹೇಳಿದಂತೆ ಗೋಡೆಗೆ ಆತು ಕೂತು ಉಂಡಳು. ಅವ್ವ ಅದನ್ನು ನೋಡಿ, "ಮಿರಜಕ್ಕ ಹೋಗಿ ಕುಂಡ್ರೂದೊಂದ ಕಲತ ಬಂದಾಳ. ಮಂದಿ ಒಂದ ರೊಟ್ಟಿ ತಿಂದು ಏಳೂ ಹೊತ್ತಿನ್ಯಾಗ ಈಕಿ ಒಂದ ತುತ್ತಿನ ಮುಂದ ಧ್ಯಾನ ಮಾಡತಾಳ" ಎಂದಳು. ಸಂಕ್ರಾಂತಿಗೆ ಬೀಗರು ಬಂದಾಗ ಎಲ್ಲರ ಎದುರಿಗೆ ಸಜ್ಜಿರೊಟ್ಟಿ ಕೊಟ್ಟು ತಿನ್ನಿಸಿದಳು. ನನ್ನ ಹೆಂಡತಿ ತಿಂದಳು. ಎದ್ದು ಹಿತ್ತಲಿಗೆ ಹೋಗಿ ಎಲ್ಲ ಹೊರಗೆ ಹಾಕಿದಳು. ಬೀಗರು ನಕ್ಕರು. ನಾನು ಮಗ್ಗದ ಕುಣಿಯಲ್ಲಿ ಕೂತು ಲಾಳಿ ಹೊಡೆಯುತ್ತಿದ್ದೆ, ಏಳಲಿಲ್ಲ.

ಈಗ ಅವ್ವ ಮತ್ತೆ ಕಾಲ ಮೇಲೆ ಹಾಕಿಕೊಂಡು ಅಂಬಲಿ ಹಾಕುತ್ತಿದ್ದಾಳೆ. ರಾತ್ರಿಯಿಡೀ ಕೆಮ್ಮು. ಮೈಯಲ್ಲಿ ಎಲುಬು ಉಳಿದಿದೆ. ನಾನು ತಡೆದರೆ ಅವ್ವ, "ಹಡದ ಮಗಳಿಗೂ ಯಾರೂ ಇಷ್ಟ ಮಾಡೂದಿಲ್ಲ. ದೊಡ್ಡ ಡಾಕ್ಟರು ಬಿಡಬ್ಯಾಡ್ರಿ ಅಂದಾರ. ಬಿಟ್ಟು ಸತ್ರ ಕೇಸು ನನ್ನ ಮ್ಯಾಲೆ ಬರತೈತಿ" ಎಂದು ಅಳುತ್ತಾಳೆ. ಖರೆ ಹೇಳಬೇಕೆಂದರೆ ಅವ್ವನ ಕೈಯೂ ಸೋತಿದೆ. ಓಣಿಯಲ್ಲಿ ಕೆಲವರು ಇನ್ನೊಂದು ಲಗ್ನ ಮಾಡಿರೆಂದರು. ಅವ್ವ, "ಈಕಿ ಇರೂತನಾ ಎರಡನೇ ಲಗ್ನಕ್ಕ ಮುಂಬೈ ಸರಕಾರ ಬಿಡೂದಿಲ್ಲ, ಕಾಯದೆ ಐತಿ" ಎಂದಳು. ನನ್ನ ಹೆಂಡತಿ ಪಕ್ಕದಲ್ಲೇ ಕಂಡಿಕೆ ಸುತ್ತುತ್ತಿದ್ದಳು. "ಸರಕಾರಕ್ಕ ಅರ್ಜಿ ಕೊಡ್ರಿ ಅತ್ತಿ, ಹೆಬ್ಬೆಟ್ಟು ಒತ್ತಾಕ ನಾ ಬರತೇನಿ. ಬೆರಳಾಗ ಗೆರಿ ಉಳದಾವೋ ಇಲ್ಲೋ ನೋಡಬೇಕ" ಎಂದಳು.

ದೊಡ್ಡ ಡಾಕ್ಟರರು ಒಂದು ಸಲ ಬಂದು ಒಂದು ಮಾತು ಹೇಳಲಿ. ನಾನು ಎರಡು ಸಲ ಜಮಖಂಡಿಗೆ ಹೋಗಿ ಕರೆದೆ. "ಮಗಳ ಪತ್ರ ಬರಲಿ" ಎಂದರು. ತಾವು ಬರೆಯಬೇಕು.

ತಮ್ಮ ಸೇವಕ,
ರಾಮಲಿಂಗಪ್ಪ


ಮಿರಜ
೩ ಮಾರ್ಚ್ ೧೯೫೩

ಅಪ್ಪಾ,

ನಾನು ಬರುತ್ತೇನೆ. ರಾಮನವಮಿಗೆ ರಜೆ ಕೇಳಿದ್ದೇನೆ. ವಕೀಲರು ಬರಲಿ, ಅವರ ತಾಯಿ ಬರಲಿ, ಹಾಡು ಎಂದರೆ ಹಾಡುತ್ತೇನೆ. ನೀವು ಈ ವಾರವೇ ಬನಹಟ್ಟಿಗೆ ಹೋಗಿ.

ಆ ಒಂದು ಸಾಲು ಈಗ ಬೇಕಾಗಿಲ್ಲ.

ಕುಮುದಿನಿ


ಜಮಖಂಡಿ
೧೬ ಮಾರ್ಚ್ ೧೯೫೩, ಯುಗಾದಿ

ಚಿ. ಕುಮುದಿನಿಗೆ ಆಶೀರ್ವಾದ.

ಬೇವು ತಿಂದು ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ನೀನೂ ಹಾಗೆಯೇ ಓದು.

ಬುಧವಾರ ಮುಂಜಾನೆಯ ಮೋಟಾರಿಗೆ ಬನಹಟ್ಟಿಗೆ ಹೋದೆ. ಓಣಿಯ ಜನ ಕಟ್ಟೆಯ ಸುತ್ತ ಕೂಡಿದರು. ಸಾವಕ್ಕ ಗೋಡೆಗೆ ಆತು ಕೂತಿದ್ದಳು. ಹೇಳಲು ಬಂದ ಮಾತನ್ನು ಹೇಳಿದೆ. ಅಷ್ಟಕ್ಕೇ ಹೊರಟುಬಿಡಬಹುದಾಗಿತ್ತು. ಮುದಕವ್ವ ಕೇಳಿದಳು: "ಅಂದ ಕುಂಡರಿಸಿ ನೋಡಿದಾಗ ಛಲೋ ಐತಿ ಅಂದ್ರಿ. ಇಂದ ನೋಡಲಾರದ ಕೆಟ್ಟೈತಿ ಅಂತೀರಿ. ಯಾವುದು ಖರೆ ಡಾಕ್ಟರ?" ಸುತ್ತ ನಿಂತವರು ನನ್ನ ಬಾಯಿ ನೋಡುತ್ತಿದ್ದರು. ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ನೋಡದೆ ಹೇಳುವ ವೈದ್ಯ ನಾನಲ್ಲ. ನಿನ್ನ ಜನವರಿಯ ಪತ್ರ ಜೇಬಿನಲ್ಲಿತ್ತು.

ಚಾಪೆ ಹಾಸಲು ಹೇಳಿದೆ. ಸಾವಕ್ಕ ಮೊದಲು ಒಪ್ಪಲಿಲ್ಲ. "ಮಲಗಸಬ್ಯಾಡ್ರಿ. ಮಿರಜದ ಬಾಯಾರು ಬ್ಯಾಡ ಅಂದಾರ" ಎಂದಳು. "ಬಾಯಾರು ನನ್ನ ಮಗಳು. ಮಲಗಿಸಿ ನೋಡ್ರಿ ಅಂತ ಆಕಿನ ಬರದಾಳ" ಎಂದು ನಿನ್ನ ಪತ್ರದ ಆ ಸಾಲನ್ನು ಓದಿ ತೋರಿಸಿದೆ. "ಬಾಯಾರ ಬರದಾರಂದ್ರ ಆತ್ರಿ" ಎಂದು ತಾನಾಗಿಯೇ ಮಲಗಿದಳು. ಸೆರಗು ಸರಿಮಾಡಿಕೊಂಡಳು.

ಬಟ್ಟಲು ಹಿಡಿದವಳು ಮುದಕವ್ವ. ಬೆರಳಿಟ್ಟವನು ನಾನು. ಗಂಟಲು ನೆಟ್ಟಗೆ ಏರಿ ಇಳಿಯಿತು, ಹಿಂದಿನಂತೆಯೇ. ಅರ್ಧ ಬಟ್ಟಲಿಗೆ ಬಲಗೈ ಎತ್ತಿದಳು. ಸಾಕು ಎಂದೋ, ತಡೆಯಿರಿ ಎಂದೋ ತಿಳಿಯಲಿಲ್ಲ. ಮುದಕವ್ವ ನನ್ನನ್ನು ನೋಡಿದಳು. ನಾನು "ಹಾಕ್ರಿ" ಎಂದೆ. ಬಟ್ಟಲು ಖಾಲಿಯಾದ ಮೇಲೆ ಎಲ್ಲವೂ ಒಮ್ಮೆಲೇ ಹಿಂದೆ ಬಂತು. ಆ ಸಣ್ಣ ಬಾಯಿಯಿಂದ ಹೊರಬರಲು ದಾರಿ ಸಾಲದೆ ಉಸಿರಿಗೆ ಇಳಿಯಿತು. ಬೋರಲು ಹಾಕಿ ಬೆನ್ನು ಬಡಿದೆ. ನೀಲಿಯಾದ ಮುಖ ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಸಂಜೆ ಜ್ವರ ಬಂತು. ಪೆನಿಸಿಲಿನ್ ತರಿಸಿ ಚುಚ್ಚಿದೆ. ಎರಡು ಪುಪ್ಪುಸಗಳೂ ತುಂಬಿದ್ದವು. ನಾನು ಅಲ್ಲಿಯೇ ಉಳಿದೆ. ಶನಿವಾರ ಮುಂಜಾನೆ ಹೋದಳು.

ಹೀರುವ ಕೊಳವೆಯ ಮಾತು ಡಿಸೆಂಬರಿನ ಪತ್ರದ ಎರಡನೆಯ ಪುಟದಲ್ಲಿತ್ತು. ಅದನ್ನು ನಿನ್ನೆ ಓದಿದೆ. ಜನವರಿಯ ಪತ್ರದಲ್ಲಿ ಅದು ಇಲ್ಲ. ಒಂದೊಂದೇ ಗುಟುಕು ಎಂದೂ ಇಲ್ಲ. "ಒಂದು ಬಟ್ಟಲು" ಎಂದಿದೆ.

ನೀನು ಬೇಡವೆಂದರೂ ಆ ಸಾಲನ್ನು ಬರೆಯುತ್ತೇನೆ. ನಾನು ತಪ್ಪಿದ್ದೆ. ರೋಗ ಅನ್ನನಾಳದಲ್ಲಿತ್ತು, ಅದನ್ನು ಗುರುತಿಸಿದವಳು ನೀನು. ನನ್ನ ಎರಡು ಬೆರಳಿಗೆ ಅದು ತಿಳಿಯಲಿಲ್ಲ. ಪತ್ರವನ್ನು ಚೌಕಟ್ಟು ಹಾಕಿಸಿ ಇಟ್ಟುಕೋ.

ವಕೀಲರ ಮನೆಯವರಿಗೆ ರಾಮನವಮಿ ಎಂದು ತಿಳಿಸಿದ್ದೇನೆ. ನನ್ನ ಮಾತಿನಂತೆ ನಾನು ಬನಹಟ್ಟಿಗೆ ಹೋಗಿಬಂದೆ.

ನಿನ್ನ ತಂದೆ,
ಪ್ರಹ್ಲಾದರಾವ


ಬನಹಟ್ಟಿ
೯ ಜೂನ್ ೧೯೫೩

ಡಾಕ್ಟರ್ ಕುಮುದಿನಿಬಾಯಿಯವರಿಗೆ ರಾಮಲಿಂಗಪ್ಪನ ಶರಣು.

ರಾಮನವಮಿಗೆ ತಾವು ಬರುತ್ತೀರೆಂದು ಕೇಳಿ ಕಾಣಲು ಜಮಖಂಡಿಗೆ ಹೋಗಿದ್ದೆ. ತಾವು ಬಂದಿರಲಿಲ್ಲ. ಪಡಸಾಲೆಯಲ್ಲಿ ಸಾತಾರೆಯ ಮಂದಿ ಕೂತಿದ್ದರು. ದೊಡ್ಡ ಡಾಕ್ಟರರು ಅವರಿಗೆ ಚಹಾ ಕೊಡಿಸಿ ಕಳಿಸಿದರು. ಆಮೇಲೆ ತಮಗೆ ಎರಡು ಪತ್ರ ಹಾಕಿದೆ, ಉತ್ತರ ಬರಲಿಲ್ಲ. ಇದು ಮೂರನೆಯದು.

ನಮ್ಮ ಮನೆಯಲ್ಲಿ ತಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ. ಅವ್ವ ಎಲ್ಲರಿಗೂ, "ಡಾಕ್ಟರ ಕೈಯಾಗ ಹೋದಳು, ಪುಣ್ಯವಂತಿ. ಮೂರು ದಿನ ಅವರು ಆಕಿ ಹಾಸಿಗಿ ಬಾಜೂ ಬಿಟ್ಟು ಎದ್ದಿಲ್ಲ" ಎಂದು ಹೇಳುತ್ತಾಳೆ. ನನ್ನ ಹೆಂಡತಿ ಸುತ್ತಿದ ಕಂಡಿಕೆಗಳು ಒಂದು ಬುಟ್ಟಿ ಉಳಿದಿದ್ದವು. ಅವು ಮೊನ್ನೆ ತೀರಿದವು.

ಈಗ ಲಗ್ನದ ಮಾತು ನಡೆದಿದೆ. ಬೀಳಗಿ ಕಡೆ ಬಾಡಗಂಡಿಯ ಹುಡುಗಿ, ಹೆಸರು ಶಿವವ್ವ. ನೋಡಲು ಹೋದಾಗ ಅವ್ವ ಮೊದಲು ಅವಳ ಎರಡೂ ಕೈಯನ್ನು ನೀರಿನ ಕೊಡದಲ್ಲಿ ಅದ್ದಿಸಿ ಬೆರಳು ಬೆಳ್ಳಗಾಗುವವೋ ಎಂದು ನೋಡಿದಳು, ಆಗಲಿಲ್ಲ. ಗಲ್ಲ ಚಿವುಟಿದಳು, ಚರ್ಮ ಬಂತು. ಆಮೇಲೆ ಚಾಪೆ ಹಾಸಿಸಿ ಎಲ್ಲರ ಎದುರು ಅಂಗಾತ ಮಲಗಿಸಿ, ಊರಿಂದ ಒಯ್ದಿದ್ದ ಹಿತ್ತಾಳೆ ಬಟ್ಟಲಿನಲ್ಲಿ ನೀರು ಕುಡಿಸಿದಳು. ಹೆಣ್ಣಿನ ಅಪ್ಪ, "ಇದೇನ್ ಯವ್ವಾ, ಎಮ್ಮಿ ಕರಾ ಕೊಳ್ಳಾಕ ಬಂದೀರೇನು?" ಎಂದ. ಅವ್ವ, "ಇದು ಮಿರಜದ ಪರೀಕ್ಷಾ. ಕಲತ ಮಂದಿ ಹಿಂಗ ನೋಡತಾರ. ಒಮ್ಮಿ ಮೋಸ ಹೋಗೇವಿ" ಎಂದಳು. ನಮ್ಮ ಓಣಿಯಲ್ಲಿ ಇನ್ನೊಬ್ಬರು ಕೂಡ ಮಗನಿಗೆ ಹೆಣ್ಣು ನೋಡಲು ಹೋಗುವಾಗ ನಮ್ಮ ಬಟ್ಟಲು ಕೇಳಿ ಒಯ್ದರು.

ಹುಡುಗಿ ನೀರನ್ನು ನುಂಗಿದಳು. ಆದರೆ ಕೊನೆಗೆ ಒಂದು ಸಲ ಕೆಮ್ಮಿದಳು. ಅಂಜಿ ಕೆಮ್ಮಿದಳೋ, ರೋಗಕ್ಕೆ ಕೆಮ್ಮಿದಳೋ ನಮಗೆ ತಿಳಿಯಲಿಲ್ಲ. ಅವ್ವ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ಬಂದಿದ್ದಾಳೆ. ಹುಡುಗಿಯ ಮನೆಯವರು ಅಳುತ್ತಿದ್ದಾರೆ. ಕೆಮ್ಮಿದ ಹೆಣ್ಣು ಎಂದು ಸುದ್ದಿಯಾದರೆ ಬೇರೆ ಕಡೆಯೂ ಕೊಡಲಾಗುವುದಿಲ್ಲವಂತೆ. ನಾನು ದೊಡ್ಡ ಡಾಕ್ಟರರನ್ನು ಕೇಳಿದೆ. "ಈ ಪರೀಕ್ಷಾ ನನ್ನ ಮಗಳದು. ಆಕಿನ್ನ ಕೇಳು" ಎಂದರು.

ಆದ್ದರಿಂದ ತಾವು ಕೃಪೆಮಾಡಿ ಮರುಟಪಾಲಿಗೆ ತಿಳಿಸಬೇಕು. ಒಂದು ಕೆಮ್ಮು ನಡೆಯುತ್ತದೆಯೇ? ನಡೆಯದಿದ್ದರೆ ಇನ್ನೊಮ್ಮೆ ಮಲಗಿಸಿ ನೋಡುತ್ತೇವೆ. ಅದಕ್ಕೆ ನೀರು ಸಾಕೋ, ಅಂಬಲಿಯೇ ಆಗಬೇಕೋ?

ತಮ್ಮ ಸೇವಕ,
ರಾಮಲಿಂಗಪ್ಪ